ಹೈದರಾಬಾದಿನ ಜೈಲಿನಲ್ಲಿ ನಮ್ಮವನೊಬ್ಬನನ್ನು ಹುಡುಕುವುದೆಂದರೆ

ಜಹೀರಾಬಾದ್, ನಾರಾಯಣಖೇಡ, ತಾಂಡೂರು. ಈ ಮೂರು ಊರುಗಳ ಹೆಸರು ನಮ್ಮ ಓದುಗರಲ್ಲಿ ಹಲವರಿಗೆ ಹೊಸತಾಗಿ ಕೇಳಿಸೀತು. ಆದರೆ ಅವರಿಗೂ ನಮಗೂ ಒಂದು ನಂಟುಂಟು. 1956ನೇ ನವೆಂಬರ 1ರಂದು ನಮ್ಮ ಕಾಸರಗೋಡು ತಾಲೂಕನ್ನು ದಕ್ಷಿಣ ಕನ್ನಡದಿಂದ ತೆಗೆದು ಕೇರಳಕ್ಕೆ ಸೇರಿಸಿದ ರಾಜ್ಯ ಪುನರ್ವಿಂಗಡಣಾ ಕಾಯಿದೆಯೇ ಅದೇ ದಿನ ಬೀದರ ಜಿಲ್ಲೆಯ ನಾರಾಯಣಖೇಡವನ್ನೂ, ನಿರ್ಣಾ ಸರ್ಕಲೊಂದನ್ನು ಬಿಟ್ಟು ಉಳಿದ ಜಹೀರಾಬಾದ್ ತಾಲೂಕನ್ನೂ, ಗುಲ್ಬರ್ಗ ಜಿಲ್ಲೆಯ ತಾಂಡೂರು ಕೊಡಂಗಲ್‌ಗಳನ್ನೂ ಆಂಧ್ರ ಪ್ರದೇಶಕ್ಕೆ ಒಪ್ಪಿಸಿತು. 2014ರಿಂದ ಅವು ತೆಲಂಗಾಣದಲ್ಲಿವೆ. ನಮ್ಮಲ್ಲಿ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲೆಯಾಳ ಎಂದಿರುವಂತೆ, ಅಲ್ಲಿ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಉರ್ದು, ಕಚೇರಿಯಲ್ಲಿ ತೆಲುಗು ಎಂದು ಬಾಳುವ ಮನೆಗಳು ಗಡಿಯುದ್ದಕ್ಕೂ ಇವೆ.

ಈ ಊರುಗಳವರಿಗೆ ಪಟ್ಟಣವೆಂದರೆ ಹೈದರಾಬಾದು. ಜಹೀರಾಬಾದ್ ಇರುವುದು ಹೈದರಾಬಾದಿನಿಂದ ಮುಂಬಯಿ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ಸುಮಾರು 100 ಕಿಲೋಮೀಟರು ದೂರ. ತಾಂಡೂರು ವಾಡಿ–ಸಿಕಂದರಾಬಾದ್ ರೈಲು ದಾರಿಯಲ್ಲಿದೆ. ಅಲ್ಲಿಯ ಹಾಸುಗಲ್ಲಿಗೂ ತೊಗರಿಗೂ ದೂರದೂರದ ಗಿರಾಕಿಗಳಿದ್ದಾರೆ. ನಾರಾಯಣಖೇಡಕ್ಕೆ ಬಸ್ಸೇ ಗತಿ. ಮಳೆ ಕೈಕೊಟ್ಟ ವರ್ಷ ಗಾರೆ ಕೆಲಸಕ್ಕೆ, ಕಾವಲು ಕೆಲಸಕ್ಕೆ, ಪಟಾನ್‌ಚೆರುವಿನ ಕಾರ್ಖಾನೆಗಳಿಗೆ ಹೊರಡುವವರಲ್ಲಿ ಯಾವನೋ ಒಬ್ಬ ಪೊಲೀಸರ ಕೈಗೆ ಸಿಗುತ್ತಾನೆ. ಅವನು ತಪ್ಪಿತಸ್ಥನೆ ಅಲ್ಲವೆ ಎಂಬುದನ್ನು ನಿಶ್ಚಯಿಸಲು ನ್ಯಾಯಾಲಯವಿದೆ. ನಾವು ಇಲ್ಲಿ ಎತ್ತಿಕೊಂಡಿರುವ ಪ್ರಶ್ನೆ ಅದಕ್ಕಿಂತ ಸಣ್ಣದು. ಊರಲ್ಲಿರುವ ತಾಯಿತಂದೆಗಳಿಗೆ ಅವನು ಎಲ್ಲಿದ್ದಾನೆಂದು ತಿಳಿಯುವುದು ಹೇಗೆ? ಬೀದರ ಕಡೆಯ ಮಾತಿನಲ್ಲಿ ಹೇಳುವುದಾದರೆ, "ನಮ್ ಹುಡುಗ ಯಾ ಜೇಲ್ನಾಗ ಹಾನ್ರೀ ಸಾಹೇಬ್ರ?"

ಜೈಲಿನ ದಾಖಲೆ ಗುಟ್ಟಿನ ದಾಖಲೆಯೆಂದು ನಮ್ಮ ಜನ ತಿಳಿದಿದ್ದಾರೆ. ಅದು ಪೂರ್ತಿ ನಿಜವಲ್ಲ. ಕಾನೂನಿನ ಕಣ್ಣಿನಲ್ಲಿ ಅದರ ಬಹುಭಾಗ ಮನೆಯವರಿಗೆ ತೆರೆದಿರುವಂಥದೇ. ಬಾಗಿಲು ತೆರೆದಿದೆ, ಬಾಗಿಲಿರುವ ಗೋಡೆ ಯಾವುದೆಂದು ಮಾತ್ರ ಹೇಳುವವರಿಲ್ಲ.

ಜೈಲಿನ ಗೇಟಿಗೆ ಮೊದಲು ಹೋಗಬಾರದು

ಸುದ್ದಿ ಬಂದೊಡನೆ ಮನೆಯವರು ಮಾಡುವ ಮೊದಲ ಕೆಲಸ ಜೈಲಿನ ಬಾಗಿಲಿಗೆ ಓಡುವುದು. ಯಾವ ಜೈಲು? 1876ರಷ್ಟು ಹಳೆಯದಾದ ಚಂಚಲಗೂಡ ಕೇಂದ್ರ ಕಾರಾಗೃಹವಿದೆ, ಅದರ ಬಳಿಯಲ್ಲೇ ಹೆಂಗಸರ ಪ್ರತ್ಯೇಕ ಜೈಲಿದೆ. ನಗರದ ಇನ್ನೊಂದು ಅಂಚಿನಲ್ಲಿ ಚೆರ್ಲಪಲ್ಲಿ ಕೇಂದ್ರ ಕಾರಾಗೃಹ, ಜತೆಗೆ ಕೈದಿಗಳು ಬೇಸಾಯ ಮಾಡುವ ಬಯಲು ಜೈಲು. ಹಳಬರ ಬಾಯಲ್ಲಿ ಮುಷೀರಾಬಾದ್ ಜೈಲಿನ ಹೆಸರು ಬಂದರೆ ಅದು ಈಗಿಲ್ಲ. ಅದನ್ನು ಕೆಡವಿದ ಜಾಗದಲ್ಲಿ ಗಾಂಧಿ ಆಸ್ಪತ್ರೆ ಎದ್ದಿದೆ. ಜಹೀರಾಬಾದ್, ನಾರಾಯಣಖೇಡಗಳ ಜಿಲ್ಲಾ ಕೇಂದ್ರವಾದ ಸಂಗಾರೆಡ್ಡಿಯಲ್ಲೂ ಅಷ್ಟೆ. ಊರ ನಡುವಿನ ಹಳೆಯ ಜೈಲನ್ನು 1796ರಷ್ಟು ಹಿಂದಿನದೆನ್ನುತ್ತಾರೆ. ಅದು 2016ರಲ್ಲಿ ವಸ್ತುಸಂಗ್ರಹಾಲಯವಾಯಿತು; ಈಗಿನ ಜೈಲಿರುವುದು ಕಂದಿಯಲ್ಲಿ. ಹಳೆಯ ಜೈಲಿನಲ್ಲಿ 500 ರೂಪಾಯಿ ಕಟ್ಟಿದವರಿಗೆ ಒಂದು ದಿನ ಕೈದಿಯ ಬಟ್ಟೆ ತೊಟ್ಟು, ಕೈದಿಯ ಊಟ ಉಂಡು ಮಲಗುವ ಏರ್ಪಾಟನ್ನು ಮಾಡಿದ್ದರು. ಕಾಸು ಕೊಟ್ಟು ಜೈಲು ನೋಡಲು ಬಂದವನಿಗೆ ದೊರೆತ ಸ್ವಾಗತ ಮಗನನ್ನು ಹುಡುಕುತ್ತ ಬಂದವನಿಗೆ ದೊರೆಯುವುದೆಂದು ನಮಗೆ ತೋರುವುದಿಲ್ಲ.

ಜೈಲಿನ ರಿಜಿಸ್ಟರು ತಾನಾಗಿ ಹುಟ್ಟುವುದಿಲ್ಲ. ನ್ಯಾಯಾಲಯದ ವಾರಂಟು ಇಲ್ಲದೆ ಯಾರನ್ನೂ ಒಳಗೆ ಸೇರಿಸಿಕೊಳ್ಳುವಂತಿಲ್ಲ. ನ್ಯಾಯಾಲಯದ ಕಾಗದಕ್ಕೆ ಬೇರು ಪೊಲೀಸ್ ಠಾಣೆಯ ಪ್ರಥಮ ವರ್ತಮಾನ ವರದಿ, ಎಂದರೆ ಎಫ್.ಐ.ಆರ್. ಆದ್ದರಿಂದ ಹುಡುಕುವ ಕ್ರಮವೂ ಹಾಗೆಯೇ ಇರಬೇಕು: ಠಾಣೆ, ಕೋರ್ಟು, ಕೊನೆಗೆ ಜೈಲು. ಠಾಣೆಯವರು 'ಕ್ರೈಂ ನಂಬರು' ಎನ್ನುವ ಸಂಖ್ಯೆಯೂ ಇಸವಿಯೂ ಕೈಗೆ ಬಂದರೆ ಅರ್ಧ ಕೆಲಸ ಮುಗಿಯಿತು. ಅದಿಲ್ಲದೆ ಗೇಟಿನಲ್ಲಿ ನಿಂತವನಿಗೆ ಪಹರೆಯವನು ಹೇಳಬಹುದಾದದ್ದು ಒಂದೇ: "ನಂಬರು ತನ್ನಿ."

ಠಾಣೆ ಯಾವುದೆಂದು ತಿಳಿಯುವುದಕ್ಕೂ ಉಪಾಯವಿದೆ. ದಸ್ತಗಿರಿ ಮಾಡಿದ ಪೊಲೀಸರು, ಹಿಡಿದ ಸಂಗತಿಯನ್ನೂ ಇಟ್ಟಿರುವ ಜಾಗವನ್ನೂ ಕೂಡಲೇ ಅವನು ಹೇಳಿದ ನಂಟನಿಗೋ ಗೆಳೆಯನಿಗೋ ತಿಳಿಸಬೇಕು, ತಿಳಿಸಿದ್ದನ್ನು ಠಾಣೆಯ ಪುಸ್ತಕದಲ್ಲಿ ಬರೆಯಬೇಕು. ಇದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 48ನೇ ಕಲಮು. 37ನೇ ಕಲಮಿನ ಪ್ರಕಾರ ಪ್ರತಿ ಠಾಣೆಯಲ್ಲೂ ಜಿಲ್ಲಾ ಕೇಂದ್ರದಲ್ಲೂ ಒಬ್ಬ ಅಧಿಕಾರಿಯನ್ನು ಇದಕ್ಕೆಂದೇ ನೇಮಿಸಿ, ಬಂಧಿತರ ಹೆಸರು, ವಿಳಾಸ, ಆರೋಪ ಇವನ್ನು ಎಲ್ಲರಿಗೂ ಕಾಣುವಂತೆ ಪ್ರದರ್ಶಿಸತಕ್ಕದ್ದು. ಇದು ಹೊಸ ದಯೆಯೇನೂ ಅಲ್ಲ. ಬಂಗಾಳದ ಡಿ.ಕೆ. ಬಸು ಎಂಬವರು 1986ರಲ್ಲಿ ಬರೆದ ಒಂದು ಪತ್ರವನ್ನೇ ಅರ್ಜಿಯಾಗಿ ತೆಗೆದುಕೊಂಡ ಸುಪ್ರೀಂ ಕೋರ್ಟು 1996ರ ಡಿಸೆಂಬರದಲ್ಲಿ ಇಂಥ ನಿಯಮಗಳನ್ನು ವಿಧಿಸಿತ್ತು. ಬಂಧಿತನ ಕಡೆಯವರು ಬೇರೆ ಜಿಲ್ಲೆಯಲ್ಲಿದ್ದರೆ 8ರಿಂದ 12 ಗಂಟೆಗಳೊಳಗೆ ಅವರ ಊರಿನ ಠಾಣೆಯ ಮೂಲಕ ಸುದ್ದಿ ಮುಟ್ಟಿಸಬೇಕೆಂಬುದು ಅವುಗಳಲ್ಲಿ ಒಂದು. ಆದ್ದರಿಂದ ನಾರಾಯಣಖೇಡದ ತಂದೆ ರಾತ್ರಿಯ ಬಸ್ಸು ಹಿಡಿಯುವ ಮುಂಚೆ ತನ್ನೂರಿನ ಠಾಣೆಯಲ್ಲಿ ಒಮ್ಮೆ ಕೇಳುವುದು ಲೇಸು.

ಎಫ್.ಐ.ಆರ್. ಪ್ರತಿಯ ವಿಷಯ. 2016ರ ಸೆಪ್ಟೆಂಬರದಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಆದೇಶದಂತೆ ಅದನ್ನು 24 ಗಂಟೆಗಳೊಳಗೆ ಪೊಲೀಸರ ಜಾಲತಾಣದಲ್ಲಿ ಹಾಕಬೇಕು; ದುರ್ಗಮ ಪ್ರದೇಶಗಳಿಗೆ ಹೆಚ್ಚೆಂದರೆ 72 ಗಂಟೆ. ಲೈಂಗಿಕ ಅಪರಾಧ, ಉಗ್ರವಾದ ಮೊದಲಾದ ಸೂಕ್ಷ್ಮ ಪ್ರಕರಣಗಳಿಗೆ ವಿನಾಯಿತಿಯುಂಟು. ಆಮೇಲಿನದು ಕೋರ್ಟಿನ ಹಂತ. ದೇಶದ ಕೆಳಗಿನ ನ್ಯಾಯಾಲಯಗಳ ಮೊಕದ್ದಮೆಗಳೆಲ್ಲ ಇ–ಕೋರ್ಟ್ಸ್ ಎಂಬ ಒಂದೇ ಏರ್ಪಾಟಿನಲ್ಲಿ ಸಿಗುತ್ತವೆ. ಠಾಣೆಯ ಹೆಸರು ಮತ್ತು ಎಫ್.ಐ.ಆರ್. ಸಂಖ್ಯೆಯಿಂದಲೂ ಹುಡುಕಬಹುದು, ಕಕ್ಷಿಗಾರನ ಹೆಸರಿನಿಂದಲೂ ಹುಡುಕಬಹುದು. ಪ್ರತಿ ಮೊಕದ್ದಮೆಗೂ 16 ಅಕ್ಷರಾಂಕಗಳ ಒಂದು ಗುರುತಿದೆ. ಅದನ್ನು ಬರೆದಿಟ್ಟುಕೊಂಡರೆ ಮುಂದಿನ ವಾಯಿದೆ ಎಂದೆಂದು ತಿಳಿಯಲು ಯಾರ ಕೈಕಾಲೂ ಹಿಡಿಯಬೇಕಾಗಿಲ್ಲ. ಕೋರ್ಟಿನ ಆವರಣದಲ್ಲಿ ಇದಕ್ಕಾಗಿ ದುಡ್ಡು ಕೀಳುವವರಿಗೆ ಮಾತ್ರ ಇದರಿಂದ ನಷ್ಟ.

ಜೈಲುಗಳಿಗೂ ಇ–ಪ್ರಿಸನ್ಸ್ ಎಂಬ ರಾಷ್ಟ್ರೀಯ ಗಣಕ ದಾಖಲೆ ಬಂದಿದೆ. ಅದರ ಒಳಪುಟಗಳು ಅಧಿಕಾರಿಗಳಿಗೆ. ಹೊರಗಿನವರು ಅದರ ಮೂಲಕ ಭೇಟಿಗೆ, ಎಂದರೆ ಮುಲಾಖಾತಿಗೆ, ಹೆಸರು ನೋಂದಾಯಿಸಬಹುದು. ಆದರೆ ಕೈದಿ ಯಾವ ಜೈಲಿನಲ್ಲಿದ್ದಾನೆಂದು ಮೊದಲೇ ಗೊತ್ತಿದ್ದವನಿಗೆ ತಾನೆ ಭೇಟಿಯ ಮಾತು?

ಹೆಸರಿನ ಫಜೀತಿ

ಗಡಿನಾಡಿನ ಕನ್ನಡಿಗ ನಿಜವಾಗಿ ಮುಗ್ಗರಿಸುವುದು ಇಲ್ಲಿ. ಶರಣಪ್ಪನೆಂದು ಒಬ್ಬನ ಹೆಸರು ಇಟ್ಟುಕೊಳ್ಳೋಣ. ಅವನ ಹೆಸರನ್ನು ಕೇಳಿ ತೆಲುಗಿನಲ್ಲಿ ಬರೆದುಕೊಳ್ಳುವ ಹೆಡ್ಡು ಒಬ್ಬ. ಅದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಗಣಕಕ್ಕೆ ಹಾಕುವವನು ಇನ್ನೊಬ್ಬ. ಶರಣಪ್ಪ ಸರಣಪ್ಪನಾಗಬಹುದು, ಶರ್ನಪ್ಪನಾಗಬಹುದು, ಶರಣ್ ಅಪ್ಪ ಎಂದು ಎರಡು ತುಂಡಾಗಲೂಬಹುದು. ಮೇಲಾಗಿ ತೆಲುಗರಲ್ಲಿ ಮನೆತನದ ಹೆಸರು, ಅವರ 'ಇಂಟಿ ಪೇರು', ಮುಂದೆ ಬರಬೇಕು. ನಮ್ಮವನಿಗೆ ಅಂಥ ಹೆಸರಿಲ್ಲ. ಇಲ್ಲವೆಂದರೆ ಕಾಲಂ ಖಾಲಿ ಉಳಿಯುತ್ತದಲ್ಲ! ಊರಿನ ಹೆಸರನ್ನೋ ತಂದೆಯ ಹೆಸರನ್ನೋ ಅಲ್ಲಿ ತುಂಬಿದರೆ 'ಖೇಡ ಶರಣಪ್ಪ'ನೆಂಬ ಹೊಸ ಮನುಷ್ಯ ಹುಟ್ಟುತ್ತಾನೆ. ತಂದೆ ಊರಿನಿಂದ ತಂದ ಆಧಾರ್ ಚೀಟಿಯ ಹೆಸರಿಗೂ ರಿಜಿಸ್ಟರಿನ ಹೆಸರಿಗೂ ಹೊಂದಿಕೆಯಿರುವುದಿಲ್ಲ. "ಈ ಹೆಸರಿನವರು ಇಲ್ಲ" ಎಂದು ಕಿಟಕಿಯಿಂದ ಉತ್ತರ ಬರುತ್ತದೆ. ಉತ್ತರ ಕೊಟ್ಟವನು ಸುಳ್ಳು ಹೇಳಲಿಲ್ಲ. ಮಗನೂ ಗೋಡೆಯಾಚೆಗೇ ಇದ್ದಾನೆ.

ಮಂಜೇಶ್ವರವು ಮಂಜೇಶ್ವರಂ ಆದದ್ದನ್ನೂ ಕುಂಬಳೆ ಕುಂಬ್ಳ ಆದದ್ದನ್ನೂ ಕಂಡವರಿಗೆ, ಪಡಿತರ ಚೀಟಿಯಲ್ಲಿ ತನ್ನದೇ ಹೆಸರನ್ನು ಓದಲಾರದೆ ನಿಂತವರಿಗೆ, ಇದನ್ನು ವಿವರಿಸಿ ಹೇಳಬೇಕಾದ್ದಿಲ್ಲ. ಆದರೆ ಪಡಿತರ ಚೀಟಿಯ ತಪ್ಪಿನಿಂದ ಅಕ್ಕಿ ಹೋದೀತು, ಜೈಲಿನ ರಿಜಿಸ್ಟರಿನ ತಪ್ಪಿನಿಂದ ಹೋಗುವುದು ದಿನಗಳು, ತಿಂಗಳುಗಳು. ಕೈದಿ ಎಲ್ಲಿದ್ದಾನೆಂದು ತಿಳಿಯದೆ ವಕಾಲತ್ತಿಗೆ ಅವನ ಸಹಿ ಬೀಳದು. ಸಹಿಯಿಲ್ಲದೆ ಮನೆಯವರು ಹಿಡಿದ ವಕೀಲನಿಗೆ ಜಾಮೀನಿನ ಮಾತು ಎತ್ತುವುದೇ ಕಷ್ಟ.

ನಮ್ಮ ಸಲಹೆ ಇಷ್ಟು. ಹೆಸರೊಂದನ್ನೇ ನಂಬಬೇಡಿ. ತಂದೆಯ ಹೆಸರು, ಹಳ್ಳಿ, ಮಂಡಲ, ವಯಸ್ಸು, ಹಿಡಿದ ದಿನ ಇವನ್ನು ಒಂದು ಚೀಟಿಯಲ್ಲಿ ತೆಲುಗಿನಲ್ಲೂ ಇಂಗ್ಲಿಷಿನಲ್ಲೂ ಬರೆಸಿಕೊಂಡು ಹೋಗಿ. ಇ–ಕೋರ್ಟ್ಸ್‌ನಲ್ಲಿ ಪೂರ್ತಿ ಹೆಸರು ಬೇಕಿಲ್ಲ, ಮೂರು ಅಕ್ಷರ ಸಾಕು. ಹೆಸರು ಹಾಗೆ ಬರೆದರೂ ಹೀಗೆ ಬರೆದರೂ ಬದಲಾಗದ ತುಂಡನ್ನು ಆರಿಸಿಕೊಳ್ಳಿ. 'ಇಲ್ಲ' ಎಂದವರೊಡನೆ ಜಗಳ ಕಾಯುವ ಬದಲು "ಆ ದಿನ ಆ ಕೋರ್ಟಿನಿಂದ ಬಂದವರ ಪಟ್ಟಿ ನೋಡಿ" ಎಂದು ಕೇಳುವುದು ಹೆಚ್ಚು ಫಲಕಾರಿ. ಕಾಯಿಲೆ ಬಿದ್ದ ಕೈದಿಯನ್ನು ಉಸ್ಮಾನಿಯಾ ಅಥವಾ ಗಾಂಧಿ ಆಸ್ಪತ್ರೆಗೆ ಒಯ್ದಿರುವುದೂ ಉಂಟು. ಅದನ್ನೂ ವಿಚಾರಿಸಬೇಕು.

ರಿಜಿಸ್ಟರಿನ ಒಂದು ಗೆರೆ

1894ರ ಜೈಲು ಕಾಯಿದೆಯ 12ನೇ ಕಲಮು ಸೂಪರಿಂಟೆಂಡೆಂಟರು ಇಡಬೇಕಾದ ಪುಸ್ತಕಗಳನ್ನು ಎಣಿಸುತ್ತದೆ. ಒಳಗೆ ಬಂದವರ ರಿಜಿಸ್ಟರು, ಯಾರು ಯಾವಾಗ ಬಿಡುಗಡೆಯಾಗಬೇಕೆಂಬ ಪುಸ್ತಕ, ಶಿಕ್ಷೆಯ ಪುಸ್ತಕ, ಸಂದರ್ಶಕರ ಪುಸ್ತಕ, ಕೈದಿಯಿಂದ ತೆಗೆದಿಟ್ಟುಕೊಂಡ ಹಣ ವಸ್ತುಗಳ ಲೆಕ್ಕ. ಕೈದಿಯ ಮಟ್ಟಿಗೆ ಇವುಗಳಲ್ಲಿ ಪ್ರಾಣಕ್ಕೆ ಸಮವಾದುದು ಎರಡನೆಯದು.

ಬಿಹಾರದ ರುದುಲ್ ಸಾಹನ ಕಥೆ ನೆನಪಿರುವವರು ಇದ್ದಾರು. 1968ರ ಜೂನ್‌ನಲ್ಲಿ ನ್ಯಾಯಾಲಯ ಅವನನ್ನು ನಿರ್ದೋಷಿಯೆಂದು ಬಿಟ್ಟಿತು. ಜೈಲು ಬಿಟ್ಟದ್ದು 1982ರ ಅಕ್ಟೋಬರದಲ್ಲಿ. ಹದಿನಾಲ್ಕು ವರ್ಷಗಳ ಮೇಲೆ! 1983ರಲ್ಲಿ ಸುಪ್ರೀಂ ಕೋರ್ಟು ಅವನಿಗೆ ಪರಿಹಾರ ಕೊಡಿಸಿತು. ಅದಕ್ಕೂ ಮೊದಲು, 1979ರ ಜನವರಿಯಲ್ಲಿ, ಪಾಟ್ನಾ ಮತ್ತು ಮುಜಫರಪುರದ ಜೈಲುಗಳಲ್ಲಿ ವಿಚಾರಣೆಯೇ ಇಲ್ಲದೆ ಕೊಳೆಯುತ್ತಿದ್ದವರ ಕುರಿತು ಕೆ.ಎಫ್. ರುಸ್ತಮ್‌ಜಿಯವರು ಇಂಡಿಯನ್ ಎಕ್ಸ್‌ಪ್ರೆಸ್ಸಿನಲ್ಲಿ ಬರೆದಿದ್ದರು. ಅದನ್ನು ಹಿಡಿದು ವಕೀಲೆ ಪುಷ್ಪಾ ಕಪಿಲಾ ಹಿಂಗೊರಾನಿಯವರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಅದೇ ಹುಸೈನಾರಾ ಖಾತೂನ್ ಮೊಕದ್ದಮೆ. ತಮ್ಮಲ್ಲಿ ಯಾರು ಯಾರು ಎಷ್ಟು ವರ್ಷಗಳಿಂದ ಇದ್ದಾರೆಂದು ಪಟ್ಟಿ ಕೊಡಿರೆಂದು ನ್ಯಾಯಾಲಯ ಕೇಳಿತು. ಪಟ್ಟಿ ಹೊರಬಿದ್ದಂತೆ ಸಾವಿರಗಟ್ಟಲೆ ಜನ ಹೊರಗೆ ಬಂದರು. ಪತ್ರಿಕೆಯ ಕೆಲಸ ಮಾಡುವ ನಮ್ಮಂಥವರಿಗೆ ಇದು ಅಚ್ಚುಮೆಚ್ಚಿನ ಪ್ರಕರಣವೆಂದು ಬೇರೆ ಹೇಳಬೇಕೆ?

ನಮ್ಮ ಜಿಲ್ಲೆಯ ಉದಾಹರಣೆ ಇನ್ನೂ ಹತ್ತಿರದ್ದು. ಕಯ್ಯೂರಿನ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದರು. ಮರಣದಂಡನೆ ವಿಧಿಸಲ್ಪಟ್ಟವರು ಐವರಿದ್ದರು. ಐದನೆಯವರಾದ ಚೂರಿಕ್ಕಾಡನ್ ಕೃಷ್ಣನ್ ನಾಯರ್ ಉಳಿದದ್ದು ಪ್ರಾಯ ತುಂಬಿರಲಿಲ್ಲವೆಂಬ ಕಾರಣಕ್ಕೆ. ವಯಸ್ಸಿನ ಅಂಕೆಗೆ ಇರುವ ಬೆಲೆ ಅಷ್ಟು. ಹದಿನೆಂಟು ತುಂಬದವನನ್ನು ಇಂದು ಜೈಲಿಗೆ ಹಾಕುವಂತೆಯೇ ಇಲ್ಲ, ಅವನ ಗುರುತನ್ನು ಪ್ರಕಟಿಸುವಂತೆಯೂ ಇಲ್ಲ. ಹುಡುಗ ಚಿಕ್ಕವನಾಗಿದ್ದರೆ ಊರಿನ ಶಾಲೆಯ ಪ್ರಮಾಣಪತ್ರವನ್ನು ಮನೆಯವರು ಮೊದಲ ದಿನವೇ ಒಯ್ಯಬೇಕು.

ಎಲ್ಲ ದಾಖಲೆಯೂ ಎಲ್ಲರಿಗೂ ತೆರೆದಿರಬೇಕೆಂದು ನಾವು ವಾದಿಸುವುದಿಲ್ಲ. ಅಮೆರಿಕದ ದೊಡ್ಡ ನಗರಗಳಲ್ಲಿ ಹೆಸರು ಕೊಟ್ಟರೆ ಕೈದಿ ಯಾವ ಜೈಲಿನಲ್ಲಿದ್ದಾನೆಂದು ಮನೆಯಲ್ಲೇ ಕುಳಿತು ತಿಳಿಯಬಹುದು. ಅಲ್ಲಿಯ ಕೇಂದ್ರ ಸರಕಾರದ ಜೈಲುಗಳ ಪಟ್ಟಿಯಂತೂ 1982ರಿಂದೀಚಿನ ಎಲ್ಲರನ್ನೂ ಒಳಗೊಂಡಿದೆ. ಹುಡುಕುವ ತಾಯಿಗೆ ಅದೊಂದು ವರ. ಆದರೆ ಅದೇ ದೇಶದಲ್ಲಿ ಬಂಧಿತರ ಭಾವಚಿತ್ರಗಳನ್ನು ಬಾಚಿ ಪ್ರಕಟಿಸಿ, ತೆಗೆದುಹಾಕಲು ದುಡ್ಡು ಕೇಳುವ ದಂಧೆಯೂ ಬೆಳೆಯಿತು. ಬಂಧನವೇ ಅಪರಾಧವಲ್ಲ. ನಮ್ಮ ದೇಶದಲ್ಲಿ 2022ರ ಕೊನೆಗೆ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಮಂದಿ, ಎಂದರೆ ನಾಲ್ವರಲ್ಲಿ ಮೂವರು, ತೀರ್ಪು ಕಾಯುತ್ತಿದ್ದ ವಿಚಾರಣಾಧೀನರು. ಇನ್ನು, ರಿಜಿಸ್ಟರಿನಲ್ಲಿ ಇರಲೇಬಾರದ ಕಾಲಮುಗಳೂ ಇದ್ದವು. ಕೈದಿಯ ಜಾತಿಯ ಕಾಲಮನ್ನು ತೆಗೆದುಹಾಕಿರೆಂದು ಸುಪ್ರೀಂ ಕೋರ್ಟು 2024ರ ಅಕ್ಟೋಬರ 3ರಂದು ಆಜ್ಞೆ ಮಾಡಿತು. ನಮ್ಮ ದೃಷ್ಟಿಯಲ್ಲಿ ಊರಿನ ಕುತೂಹಲಕ್ಕೆ ಮುಚ್ಚಿದ್ದು, ಮನೆಯವರಿಗೆ ಬಿಚ್ಚಿದ್ದು ಸರಿಯಾದ ದಾಖಲೆ.

ನಿಜಾಮರ ಕಾಲದ ಹಳೆಯ ಜೈಲು ದಾಖಲೆಗಳದು ಬೇರೆಯೇ ಸಮಸ್ಯೆ. 1972ರಲ್ಲಿ ಬಂದ ಸ್ವಾತಂತ್ರ್ಯ ಯೋಧರ ಪಿಂಚಣಿಗೆ ಸಾಮಾನ್ಯವಾಗಿ ಆರು ತಿಂಗಳ ಸೆರೆವಾಸದ ಪುರಾವೆ ಬೇಕಿತ್ತು. ಹೈದರಾಬಾದ್ ಸಂಸ್ಥಾನದ ಕಚೇರಿಗಳ ಭಾಷೆ ಉರ್ದು, ಇಸವಿ ಫಸಲಿ. 1938–39ರ ಸತ್ಯಾಗ್ರಹ ಅಲ್ಲಿ 1348 ಫಸಲಿಯಾಗಿರುತ್ತದೆ. ನಾರಾಯಣಖೇಡ ಆಗ ಬೀದರಕ್ಕೆ ಸೇರಿತ್ತು, ತಾಂಡೂರು ಗುಲ್ಬರ್ಗಕ್ಕೆ. ಮನುಷ್ಯ ಒಂದು ರಾಜ್ಯದಲ್ಲಿ, ಅವನ ಕಾಗದ ಇನ್ನೊಂದರಲ್ಲಿ ಎಂಬಂತಾದರೆ ವಯಸ್ಸಾದವರು ಎಷ್ಟು ಮೆಟ್ಟಿಲು ಹತ್ತಿಯಾರು!

ಯಾವ ಭಾಷೆಯಲ್ಲಿ ಕೇಳುವುದು?

ಮಾಹಿತಿ ಹಕ್ಕಿನ 2005ರ ಕಾಯಿದೆ ಜೈಲು ಇಲಾಖೆಗೂ ಅನ್ವಯಿಸುತ್ತದೆ. ಒಬ್ಬನ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಯಾದರೆ 30 ದಿನ ಕಾಯಬೇಕಿಲ್ಲ, 48 ಗಂಟೆಗಳಲ್ಲಿ ಉತ್ತರ ಕೊಡತಕ್ಕದ್ದು. ಆದರೆ ಅರ್ಜಿ ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿರಬೇಕು. ಕೇರಳದಲ್ಲಿ 1969ರ ಅಧಿಕೃತ ಭಾಷಾ ಕಾಯಿದೆ ನಮಗೆ ಸರಕಾರದೊಡನೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡುವ ಹಕ್ಕನ್ನಾದರೂ ಬರೆದು ಕೊಟ್ಟಿದೆ. ಅದು ಎಷ್ಟು ನಡೆಯುತ್ತಿದೆಯೆಂಬುದನ್ನು ಓದುಗರೇ ಬಲ್ಲರು. ತೆಲಂಗಾಣದಲ್ಲಿ ತೆಲುಗಿನ ಜತೆ ಉರ್ದು ಎರಡನೆಯ ಅಧಿಕೃತ ಭಾಷೆ. ಸಂವಿಧಾನದ 350ನೇ ಅನುಚ್ಛೇದ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಅಹವಾಲು ಸಲ್ಲಿಸಬಹುದೆನ್ನುತ್ತದೆ, ನಿಜ. ಆದರೆ ಮಗ ಒಳಗಿರುವಾಗ ಅನುಚ್ಛೇದದ ಚರ್ಚೆಗೆ ಯಾರು ಕುಳಿತಾರು? ತೆಲುಗಿನಲ್ಲೇ ಬರೆಸುವುದು ಜಾಣತನ. ಬರೆಯಲಾರದವನು ಬಾಯಲ್ಲಿ ಹೇಳಿದ್ದನ್ನು ಬರಹಕ್ಕಿಳಿಸಲು ನೆರವಾಗುವುದು ಮಾಹಿತಿ ಅಧಿಕಾರಿಯ ಕರ್ತವ್ಯವೆಂದೂ ಅದೇ ಕಾಯಿದೆಯಲ್ಲಿದೆ.

ಅರ್ಜಿಯ ಭಾಷೆಯಲ್ಲಿ ಸೋತ ಕನ್ನಡಿಗನಿಗೆ ಇನ್ನೊಂದು ಕಡೆಯಿಂದ ಬಲ ಬಂದಿದೆ. ಬಂಧನದ ಕಾರಣಗಳನ್ನು ಬಂಧಿತನಿಗೆ ಅವನು ತಿಳಿಯಬಲ್ಲ ಭಾಷೆಯಲ್ಲಿ ಬರವಣಿಗೆಯಲ್ಲೇ ಕೊಡಬೇಕು, ತಕ್ಷಣ ಸಾಧ್ಯವಾಗದಿದ್ದರೆ ಬಾಯಲ್ಲಿ ತಿಳಿಸಿ, ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವುದಕ್ಕೆ ಎರಡು ಗಂಟೆ ಮುಂಚಿತವಾಗಿಯಾದರೂ ಕಾಗದ ಕೊಡಬೇಕು ಎಂದು ಸುಪ್ರೀಂ ಕೋರ್ಟು 2025ರ ನವೆಂಬರದಲ್ಲಿ ತೀರ್ಪಿತ್ತಿದೆ. ಹಾಗೆ ಕೊಡದೆ ಹೋದರೆ ಬಂಧನವೇ ಕಾನೂನಿಗೆ ವಿರುದ್ಧವಾಗುತ್ತದೆ. ಎಂದರೆ ಕನ್ನಡ ಮಾತ್ರ ಬಲ್ಲ ನಾರಾಯಣಖೇಡದವನನ್ನು ಹೈದರಾಬಾದಿನಲ್ಲಿ ಹಿಡಿದರೆ ಅವನಿಗೆ ಕನ್ನಡದ ಕಾಗದ ಸಲ್ಲಬೇಕು. ಕಾಸರಗೋಡಿನ ಠಾಣೆಯಲ್ಲಿ ಹಿಡಿದರೂ ಅಷ್ಟೆ. ಠಾಣೆಯ ಹೆಸರು, ಕ್ರೈಂ ನಂಬರು, ಕಲಮು, ಹೀಗೆ ಮುಂದೆ ಹುಡುಕಲು ಬೇಕಾದ ಗುರುತುಗಳಿಗೂ ಆ ಕಾಗದವೇ ಆಧಾರ. ಅದರ ಪ್ರತಿ ಮನೆಗೆ ತಲಪುವಂತೆ ಮೊದಲು ನೋಡಿಕೊಳ್ಳಬೇಕು.

ಜಾಮೀನು ಸಿಕ್ಕಿದ ಮೇಲೂ ಹುಡುಕಾಟ ಮುಗಿಯಿತೆಂದಲ್ಲ. 2023ರ ಜನವರಿ 31ರ ಸುಪ್ರೀಂ ಕೋರ್ಟಿನ ನಿರ್ದೇಶನದಂತೆ ಜಾಮೀನಿನ ಆದೇಶ ಅದೇ ದಿನ ಅಥವಾ ಮರುದಿನ ಮಿಂಚಂಚೆಯಲ್ಲಿ ಜೈಲಿಗೆ ಹೋಗಬೇಕು, ಇ–ಪ್ರಿಸನ್ಸ್‌ನಲ್ಲಿ ತಾರೀಖು ದಾಖಲಾಗಬೇಕು. ಏಳು ದಿನಗಳಲ್ಲಿ ಕೈದಿ ಹೊರಬರದಿದ್ದರೆ ಸೂಪರಿಂಟೆಂಡೆಂಟರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಸ್ಥಳೀಯ ಜಾಮೀನುದಾರನೇ ಬೇಕೆಂಬ ಹಟದಿಂದ ಬಿಡುಗಡೆ ತಡವಾಗುತ್ತದೆ, ಅಂಥ ಷರತ್ತನ್ನು ಹಾಕದಿರುವುದು ಒಳ್ಳೆಯದೆಂದೂ ಅದರಲ್ಲಿ ಹೇಳಿದೆ. ಹೈದರಾಬಾದಿನಲ್ಲಿ ಮನೆಮಾರು ಇರುವ ನೆಂಟನಿಲ್ಲದ ಜಹೀರಾಬಾದಿನ ರೈತನ ವಕೀಲರು ಈ ಮಾತನ್ನು ನ್ಯಾಯಾಧೀಶರ ಗಮನಕ್ಕೆ ತರಬೇಕು.

ವಕೀಲರನ್ನು ಹಿಡಿಯುವ ಶಕ್ತಿಯಿಲ್ಲದವರಿಗೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಿದೆ. ಬಂಧನದಲ್ಲಿರುವ ಯಾರಿಗೇ ಆಗಲಿ, ವರಮಾನದ ಪ್ರಶ್ನೆಯಿಲ್ಲದೆ ಉಚಿತ ವಕೀಲರು ಸಿಗಬೇಕು. ದೂರವಾಣಿ ಸಂಖ್ಯೆ 15100. ತಾಂಡೂರಿನಿಂದ ತಿರುಗಿಸಿದರೂ ಕಾಸರಗೋಡಿನಿಂದ ತಿರುಗಿಸಿದರೂ ಅದೇ ಸಂಖ್ಯೆ.